ಎಂಟು ಎಸಳು ಮಡಚಿದ ತಾವರೆ

ಮೊಮ್ಮಗಳು ಮನೆಗೆ ಬಂದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ನಲವತ್ತೊಂದು ದಿನ ಸುಳ್ಯದ ಆಸ್ಪತ್ರೆಯಲ್ಲಿ, ಅದರಲ್ಲೂ ಹೆಚ್ಚಿನ ದಿನ ಗಾಜಿನ ಪೆಟ್ಟಿಗೆಯೊಳಗೆ ಇದ್ದ ಮಗು, ಇವತ್ತು ಬೆಳಿಗ್ಗೆ ಹತ್ತೂವರೆಗೆ ಅರಂತೋಡಿನ ನಮ್ಮ ಅಂಗಳಕ್ಕೆ ಆಟೋದಲ್ಲಿ ಬಂದು ಇಳಿದಳು. ಹುಟ್ಟುವಾಗ ನನ್ನ ಅಂಗೈಯಿಂದ ಮೊಣಕೈವರೆಗೆ ಮಲಗಿಸುವಷ್ಟೇ ಉದ್ದ ಇದ್ದವಳು. ಈಗ ಅವಳು ಅತ್ತರೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಮಗಳು ಶಶಿಕಲಾಳಿಗೆ ಮದುವೆಯಾಗಿ ಹನ್ನೊಂದು ವರ್ಷ ಆಗಿತ್ತು. ಎರಡು ಸಲ ಕೈಗೆ ಬಂದದ್ದು ಜಾರಿ ಹೋಗಿತ್ತು. ನನ್ನ ಅರುವತ್ತೆಂಟನೆಯ ವಯಸ್ಸಿಗೆ ನಾನು ಅಜ್ಜ ಆದೆ. ಬೆಳಗಿನಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳಿದ್ದೇನೆ. ಕೇಳದವರು ಯಾರಾದರೂ ಉಳಿದಿದ್ದರೆ ಅವರಿಗೆ ಅಂತಲೇ ಇದನ್ನು ಬರೆಯುವುದು.

ಸಂತೋಷ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಮಗು ಬದುಕಿದ ಕತೆಯಲ್ಲಿ ಒಂದು ಸಂಗತಿ ಉಂಟು, ಅದು ನನ್ನನ್ನು ಬಿಡುವುದಿಲ್ಲ.

ನಾನು ಇಂಥದ್ದನ್ನು ನಂಬುವವನಲ್ಲ. ಮೂವತ್ತೊಂದು ವರ್ಷ ಒಂದು ರಬ್ಬರ್ ತೋಟದಲ್ಲಿ ವಾಚರ್ ಆಗಿದ್ದೆ. ಅಲ್ಲಿ ಭೂತ ಕಂಡೆ, ಬಿಳಿ ಸೀರೆ ಕಂಡೆ ಎಂದು ಹೇಳಿದವರು ಎಷ್ಟೋ ಜನ. ನಾನು ಮರುದಿನ ಹೋಗಿ ಆ ಜಾಗದಲ್ಲಿ ನೆಲ ನೋಡುತ್ತಿದ್ದೆ. ಯಾವಾಗಲೂ ಹೆಜ್ಜೆ ಇರುತ್ತಿತ್ತು. ರಬ್ಬರ್ ಶೀಟು ಕದಿಯಲಿಕ್ಕೆ ಬಂದವರ ಹೆಜ್ಜೆ. ಕದ್ದವನು ಕುಂಟನೋ, ಹೊರೆ ಹೊತ್ತಿದ್ದನೋ, ಹೆದರಿ ಓಡಿದ್ದೋ, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಭೂಮಿಯ ಮೇಲೆ ನಡೆದದ್ದಕ್ಕೆ ಹೆಜ್ಜೆ ಇರಲೇಬೇಕು ಎನ್ನುವುದೇ ನನ್ನ ನಂಬಿಕೆ. ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಕಲಿತದ್ದಕ್ಕಿಂತ ಇದನ್ನೇ ಹೆಚ್ಚು ನೆಚ್ಚಿಕೊಂಡಿದ್ದೆ.

ಆ ತೋಟದಲ್ಲಿ ರಬ್ಬರ್ ಮರದ ಹಾಲು ತೆಗೆಯುತ್ತಿದ್ದವರಲ್ಲಿ ಹೆಚ್ಚಿನವರು ಸಿಲೋನಿನಿಂದ ಬಂದ ತಮಿಳರು. ರಾಜಾಮಣಿ ಅವರಲ್ಲಿ ಒಬ್ಬಳು. ಹದಿನಾಲ್ಕು ವರ್ಷದ ಹುಡುಗಿಯಾಗಿ ಹಡಗು ಹತ್ತಿ ಬಂದವಳು, ಈಗ ನನಗಿಂತ ಎರಡು ಮೂರು ವರ್ಷಕ್ಕೆ ಸಣ್ಣವಳು. ಕೆಲಸ ಬಿಟ್ಟ ಮೇಲೆ ನಮ್ಮ ಮನೆಯ ಆಚೆಗೇ ಇರುವುದು. ನನ್ನ ಹೆಂಡತಿ ಯಮುನಾ ಬೀಡಿ ಕಟ್ಟುವಾಗ ಶಶಿಕಲಾಳನ್ನು ಎತ್ತಿ ಆಡಿಸಿದವಳು ಅವಳೇ. ನಮ್ಮ ಮನೆಯ ಹಿಂದಿನ ಸಣ್ಣ ಕೆರೆಗೆ ತಾವರೆಯ ಗಡ್ಡೆ ತಂದು ಹಾಕಿದವಳೂ ಅವಳೇ.

ಈ ಸಲ ಸೀಮಂತ ಮುಗಿಸಿ ಮಗಳನ್ನು ಮನೆಗೆ ಕರೆತಂದು ವಾರ ಆಗಿತ್ತು. ಅಳಿಯ ದಿನೇಶ ಕಡಬದಲ್ಲೇ ಇದ್ದ, ಅವನಿಗೆ ಅಲ್ಲಿ ಪಿಕಪ್ ಓಡಿಸುವ ಕೆಲಸ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೆಟ್ಟಿಲಲ್ಲಿ ಒಂದು ತಾವರೆ ಮೊಗ್ಗು. ಸುಮ್ಮನೆ ಬಿದ್ದದ್ದಲ್ಲ. ಹೊರಗಿನ ಎಂಟು ಎಸಳನ್ನು ಒಂದೊಂದಾಗಿ ಒಳಕ್ಕೆ ಮಡಚಿ, ತುದಿಯನ್ನು ಬುಡಕ್ಕೆ ಸಿಕ್ಕಿಸಿ ಇಟ್ಟಿದ್ದರು. ಭೂತ ನಂಬದಿದ್ದರೂ ಮಾಟ ಮಾಡಿಸುವ ಮನುಷ್ಯರನ್ನು ನಾನು ನಂಬುತ್ತೇನೆ. ಬಸುರಿ ದಾಟುವ ಮೆಟ್ಟಿಲಲ್ಲಿ ಮಡಚಿದ ಹೂ ಎಂದರೆ ನಮ್ಮ ಕಡೆಯ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಕೈ ತಾಗಿಸದೆ ಕೋಲಿನಲ್ಲಿ ಎತ್ತಿ ರಸ್ತೆಯ ಆಚೆಗೆ ಬಿಸಾಡಿದೆ. ಯಾರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು ಎಂದು ಯೋಚಿಸುತ್ತ ಕುಳಿತಿರುವಾಗಲೇ ರಾಜಾಮಣಿ ಬಂದಳು.

“ಎಂತ ವಾಚರಣ್ಣ, ನಾನು ಇಟ್ಟ ಹೂ ರಸ್ತೆಯಲ್ಲಿ ಬಿದ್ದಿದೆ?”

“ನೀನು ಇಟ್ಟದ್ದಾ? ಎಂತಕ್ಕೆ?”

“ಶಶಿಗೆ ಒಳ್ಳೇದಾಗ್ಲಿ ಅಂತ. ನಾವು ಸಿಲೋನಿನಲ್ಲಿ ಇರುವಾಗ ಎಸ್ಟೇಟಿನ ಕೂಲಿಗಳ ಲೈನ್ ಮನೆಯ ಕೆಳಗೆ ಬುದ್ಧನ ಗುಡಿ ಇತ್ತು. ಸಿಂಹಳದ ಹುಡುಗಿಯರೊಟ್ಟಿಗೆ ನಾನೂ ಹೋಗುದು. ತಾವರೆಯ ಎಸಳು ಹೀಗೇ ಮಡಚಿ ಇಡುದು ಅಲ್ಲಿ.”

“ಇಡುವಾಗ ಮಂತ್ರ ಎಂತ ಹೇಳುದು?”

“ಮಂತ್ರ ಅಲ್ಲ ಮಾರಾಯ್ರೆ. ಈ ಹೂ ಬಾಡ್ತದೆ, ಹಾಗೇ ಈ ದೇಹವೂ ಒಂದಿನ ಬಾಡ್ತದೆ ಅಂತ ಹೇಳುದು, ಇಡುದು.”

ನನಗೆ ಸಿಟ್ಟು ನೆತ್ತಿಗೇರಿತು. “ಬಸುರಿ ಇರುವ ಮನೆಯ ಮೆಟ್ಟಿಲಲ್ಲಿ ದೇಹ ಬಾಡ್ತದೆ ಅಂತ ಹೇಳಿ ಹೂ ಇಡುದಾ? ಇದು ಒಳ್ಳೇದಾಗ್ಲಿಕ್ಕಾ?”

“ಅದು ನಮಗೆ ನಾವೇ ಹೇಳಿಕೊಳ್ಳುದು. ಬೇರೆಯವರಿಗೆ ಅಲ್ಲ.” ಅವಳು ಸಮಾಧಾನದಲ್ಲೇ ಹೇಳಿದಳು. ಗುಡಿಯ ಮುದಿ ಸನ್ಯಾಸಿ ಹೇಳಿಕೊಟ್ಟದ್ದು ನಾಲ್ಕೇ ಮಾತಂತೆ. ದುಃಖ ಉಂಟು. ಅದು ಬರುವುದು ಆಸೆಯಿಂದ. ಅದು ನಿಲ್ಲುತ್ತದೆ. ನಿಲ್ಲಿಸಲಿಕ್ಕೆ ಒಂದು ದಾರಿ ಉಂಟು, ಆ ದಾರಿಗೆ ಎಂಟು ಅಂಗ. ಅದನ್ನು ನೆನಪಿಟ್ಟುಕೊಳ್ಳಲಿಕ್ಕೆ ಅವಳು ಎಂಟೇ ಎಸಳು ಮಡಚುವುದಂತೆ.

ಆಸೆಯಿಂದ ದುಃಖ ಎಂದದ್ದು ನನಗೆ ಚುಚ್ಚಿತು. ಹನ್ನೊಂದು ವರ್ಷ ಮಗುವಿಗಾಗಿ ಆಸೆಪಟ್ಟ ಹುಡುಗಿ ಒಳಗೆ ಮಲಗಿದ್ದಾಳೆ, ಇವಳು ಅಂಗಳದಲ್ಲಿ ನಿಂತು ಈ ಮಾತು ಹೇಳುವುದೇ? ಹಂಗಿಸುವುದೆಂದೇ ತಿಳಿದೆ. ಹೆರಿಗೆ ಆಗುವವರೆಗೆ ಈ ಅಂಗಳಕ್ಕೆ ಕಾಲಿಡಬೇಡ ಎಂದುಬಿಟ್ಟೆ.

ಅವಳ ಮುಖ ಸಣ್ಣದಾಯಿತು. ಆದರೆ ಸುಮ್ಮನೆ ಹೋಗುವವಳಲ್ಲ ಅವಳು. “ಆ ಎಂಟರಲ್ಲಿ ಮೊದಲನೇದು ಸರಿಯಾಗಿ ನೋಡುದು. ಮೂವತ್ತೊಂದು ವರ್ಷ ನೋಡುವ ಕೆಲಸವೇ ಮಾಡಿದ್ರಿ ವಾಚರಣ್ಣ, ಸರಿಯಾಗಿ ನೋಡ್ಲಿಕ್ಕೆ ಮಾತ್ರ ಕಲೀಲಿಲ್ಲ” ಎಂದು ಹೇಳಿ ಹೋದಳು. ಆ ಸಂಜೆಯೇ ಪುತ್ತೂರಿನ ಮಗಳ ಮನೆಗೆ ಬಸ್ಸು ಹತ್ತಿದಳೆಂದು ಯಮುನಾ ಹೇಳಿದಳು. ಶಶಿಕಲಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕೆರೆಯ ಕಡೆ ಹೋದೆ. ಬೇಸಗೆಯಾದ್ದರಿಂದ ನೀರು ಇಳಿದು ನಡುವಿನಲ್ಲಿ ಮಾತ್ರ ಉಳಿದಿತ್ತು, ಸುತ್ತ ಎರಡು ಮೂರು ಮಾರು ಬರೀ ಕೆಸರು. ನಡುವೆ ಒಂದು ಹೂ ನಿಂತಿತ್ತು. ದಂಟಿನ ಮೇಲೆ ಇರುವ ಹಾಗೆಯೇ ಅದರ ಹೊರಗಿನ ಎಸಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಎಣಿಸಿದೆ. ಎಂಟು.

ರಾಜಾಮಣಿಯೇ ಪುತ್ತೂರಿನಿಂದ ಕದ್ದು ಬಂದು ಹೋಗಿದ್ದಾಳೆ ಎಂದುಕೊಂಡೆ. ನೆಲ ನೋಡಿದೆ. ಕೊಕ್ಕರೆಯ ಹೆಜ್ಜೆ ಇತ್ತು, ಮನುಷ್ಯರದ್ದು ಇರಲಿಲ್ಲ. ಹಲಗೆ ಹಾಕಿ ನಡೆದಿರಬಹುದೇ ಎಂದು ನೋಡಿದೆ, ಹಲಗೆ ಒತ್ತಿದ ಗುರುತೂ ಇಲ್ಲ. ಹೂವನ್ನು ಯಾರಿಗೂ ತೋರಿಸಲಿಲ್ಲ. ಕಾಯಿ ಕೀಳುವ ಉದ್ದದ ದೋಟಿ ತಂದು ದಂಟು ಮುರಿದು ಮುಳುಗಿಸಿದೆ. ಅದರ ಪಕ್ಕದಲ್ಲಿ ಇನ್ನೊಂದು ಮೊಗ್ಗು ಬೆಳೆದಿತ್ತು. ಇದಕ್ಕೂ ಬಂದೇ ಬರುತ್ತಾಳೆ, ಹಿಡಿಯಬೇಕು ಎಂದುಕೊಂಡೆ.

ತೋಟದಲ್ಲಿ ನಾವು ಮಾಡುತ್ತಿದ್ದ ಒಂದು ಉಪಾಯ ಉಂಟು. ಟೈಲರ್ ಅಂಗಡಿಯ ಕಪ್ಪು ನೂಲನ್ನು ಮೊಣಕಾಲಿನ ಎತ್ತರಕ್ಕೆ ಗಿಡದಿಂದ ಗಿಡಕ್ಕೆ ಕಟ್ಟುವುದು. ನಸುಕಿನಲ್ಲಿ ಅದು ಕಾಣುವುದಿಲ್ಲ, ದಾಟಿದವನಿಗೆ ತಾಗಿದ್ದೂ ಗೊತ್ತಾಗುವುದಿಲ್ಲ. ನೂಲು ತುಂಡಾಗಿದ್ದರೆ ಯಾರೋ ಬಂದಿದ್ದಾರೆ ಎಂದು ಅರ್ಥ. ಕೆರೆಯ ಸುತ್ತ ಗೂಟ ನೆಟ್ಟು ಹಾಗೆ ಮೊಣಕಾಲಿಗೊಂದು, ಪಾದದ ಹತ್ತಿರ ಒಂದು, ಎರಡು ಸುತ್ತು ನೂಲು ಕಟ್ಟಿದೆ. ಮರುದಿನ ಬೆಳಗಿನ ಐದು ಗಂಟೆಗೆ ಹಲಸಿನ ಮರದ ಮರೆಯಲ್ಲಿ ಮುರಕಲ್ಲಿನ ಮೇಲೆ ಹೋಗಿ ಕುಳಿತೆ. ಟಾರ್ಚು ಬಿಟ್ಟು ನೋಡಿದೆ. ಮೊಗ್ಗು ಕೈಮುಗಿದ ಹಾಗೆ ಚೂಪಾಗಿ, ನೆಟ್ಟಗೆ ನಿಂತಿತ್ತು. ಒಂದು ಎಸಳೂ ಮಡಚಿರಲಿಲ್ಲ. ಇದನ್ನು ನಾನು ಯಾರ ಮೇಲೆ ಬೇಕಾದರೂ ಆಣೆ ಇಟ್ಟು ಹೇಳುತ್ತೇನೆ.

ಅರ್ಧ ಗಂಟೆ ಆಗಿರಬೇಕು. ಹಿಂದಿನ ಬಚ್ಚಲಿನಲ್ಲಿ ಚೆಂಬು ಬಿದ್ದ ಸದ್ದಾಯಿತು. ಬಿದ್ದದ್ದು ಉರುಳಿ ನಿಂತಿತು, ಎತ್ತಿದ ಸದ್ದು ಆಗಲಿಲ್ಲ. ಅದೇ ನನಗೆ ಸಂಶಯ ಹುಟ್ಟಿಸಿದ್ದು. ಓಡಿ ಹೋಗಿ ನೋಡಿದರೆ ಶಶಿಕಲಾ ಗೋಡೆಗೆ ಒರಗಿ ಕುಳಿತಿದ್ದಾಳೆ, ಕೆಳಗೆಲ್ಲ ರಕ್ತ. ಅಪ್ಪಾ ಎನ್ನಲಿಕ್ಕೆ ಬಾಯಿ ತೆರೆಯುತ್ತಾಳೆ, ಸ್ವರ ಬರುತ್ತಿಲ್ಲ.

ನಮ್ಮ ಬಚ್ಚಲು ಮನೆಯಿಂದ ದೂರ, ಕೆರೆಗೆ ಹತ್ತಿರ. ಯಮುನಾ ಮಲಗುವುದು ಮುಂದಿನ ಕೋಣೆಯಲ್ಲಿ, ಫ್ಯಾನಿನ ಸದ್ದಿನಲ್ಲಿ. ನಾನೂ ಅಲ್ಲೇ ಮಲಗಿದ್ದರೆ ಏಳುವುದು ಆರೂವರೆಗೆ. ಆಟೋದವನನ್ನು ಎಬ್ಬಿಸಿ ಸುಳ್ಯಕ್ಕೆ ಹೋದದ್ದು ಹೇಗೆಂದು ಈಗ ನೆನಪಿಲ್ಲ. ಮಗುವನ್ನು ಹೊರಗೆ ತೆಗೆದ ಮೇಲೆ ಡಾಕ್ಟರಮ್ಮ ಬಂದು, “ಇನ್ನು ಅರ್ಧ ಗಂಟೆ ತಡ ಆಗಿದ್ರೆ ಇಬ್ಬರೂ ಸಿಗ್ತಿರ್ಲಿಲ್ಲ ಅಜ್ಜ, ನೀವು ಅಷ್ಟು ಬೇಗ ಎದ್ದದ್ದು ಒಳ್ಳೇದಾಯ್ತು” ಎಂದರು. ಯಾಕೆ ಎದ್ದದ್ದೆಂದು ನಾನು ಹೇಳಲಿಲ್ಲ.

ಮಧ್ಯಾಹ್ನ ಬಟ್ಟೆ ತರಲಿಕ್ಕೆ ಒಬ್ಬನೇ ಮನೆಗೆ ಬಂದೆ. ಬೀಗ ತೆಗೆಯುವ ಮೊದಲು ಕಾಲು ಕೆರೆಯ ಕಡೆಗೇ ಹೋಯಿತು.

ಮೊಗ್ಗಿನ ಹೊರಗಿನ ಎಸಳುಗಳು ಮಡಚಿಕೊಂಡಿದ್ದವು. ಎಂಟು.

ನೂಲಿನ ಮೇಲೆ ಬೆರಳು ಇಟ್ಟುಕೊಂಡು ಕೆರೆಯ ಸುತ್ತ ಒಂದು ಸುತ್ತು ಬಂದೆ. ಎಲ್ಲಿಯೂ ತುಂಡಾಗಿರಲಿಲ್ಲ, ಸಡಿಲ ಕೂಡ ಆಗಿರಲಿಲ್ಲ. ಕೆಸರು ನಿನ್ನೆಯ ಹಾಗೆಯೇ ಸಪಾಟು. ನಾನೇ ನೂಲು ಕಡಿದು ಇಳಿದೆ, ಮೊಣಕಾಲಿನವರೆಗೆ ಹೂತುಹೋದೆ. ಹತ್ತಿರದಿಂದ ನೋಡಿದರೆ ಬಿಸಿಲಿಗೆ ಮುದುಡಿದ್ದಲ್ಲ, ಹುಳ ಸುತ್ತಿದ್ದಲ್ಲ. ವೀಳ್ಯದೆಲೆ ಮಡಚುವಾಗ ಉಗುರಿನಲ್ಲಿ ಒತ್ತಿದ ಹಾಗೆ ಗೆರೆ. ಅಷ್ಟು ಕೆಸರಿನ ನಡುವೆ ಎಸಳಿನ ಮೇಲೆ ಒಂದು ಚುಕ್ಕೆ ಕೆಸರಿಲ್ಲ. ತಿರುಗಿ ನೋಡಿದೆ. ದಡದಿಂದ ಅಲ್ಲಿಗೆ ಇದ್ದದ್ದು ಒಬ್ಬನದೇ ಹೆಜ್ಜೆ. ನನ್ನದು.

ಅಲ್ಲಿಯೇ ನಿಂತು ಪುತ್ತೂರಿಗೆ ಫೋನು ಮಾಡಿದೆ. ರಾಜಾಮಣಿಯ ಮಗಳು ಎತ್ತಿದಳು. “ಅಮ್ಮ ಬಂದಲ್ಲಿಂದ ಎಲ್ಲಿಗೂ ಹೋಗಲಿಲ್ಲ, ಇಲ್ಲೇ ಇದ್ದಾರೆ” ಎಂದಳು. ಅಷ್ಟರಲ್ಲಿ ರಾಜಾಮಣಿಯೇ ಫೋನು ಕಿತ್ತುಕೊಂಡು, ನಾನು ಬಾಯಿ ಬಿಡುವ ಮೊದಲೇ, “ಶಶಿಗೆ ಹೇಗುಂಟು?” ಎಂದು ಕೇಳಿದಳು. ಅವಳಿಗೆ ಹೇಗೆ ಗೊತ್ತು? ಅಥವಾ ನಾನು ಫೋನು ಮಾಡಲಿಕ್ಕೆ ಬೇರೆ ಕಾರಣ ಇರಲಾರದು ಎಂದು ಕೇಳಿದಳೋ? ಇವತ್ತಿಗೂ ನನಗೆ ತೀರ್ಮಾನ ಆಗಿಲ್ಲ.

ಅಳಿಯನ ಮೇಲೂ ಸಂಶಯಪಟ್ಟೆ. ಅವನು ಕಡಬದಿಂದ ನೇರ ಆಸ್ಪತ್ರೆಗೆ ಬಂದವನು, ಆದರೂ ಅವನ ಚಪ್ಪಲಿಯ ಅಡಿ ನೋಡಿದೆ. ಒಣ ಧೂಳು. “ಎಂತ ಮಾವ, ಹೊಸದು ತೆಗೆದು ಕೊಡ್ತೀರಾ?” ಎಂದ. ಯಮುನಾ ನನ್ನ ಜೊತೆಯಲ್ಲೇ ಆಸ್ಪತ್ರೆಯಲ್ಲಿದ್ದಳು, ಆದರೂ ಅವಳ ಕಾಲನ್ನೂ ನೋಡದೆ ಬಿಡಲಿಲ್ಲ.

ಎರಡು ದಿನ ಕಳೆದು ಆ ಹೂವಿನ ಎಸಳು ಉದುರಲು ಶುರುವಾಯಿತು. ಆ ದಿನದ ಹೆದರಿಕೆ ಹೇಳಲಿಕ್ಕೆ ಬರುವುದಿಲ್ಲ. ಹೂ ಬಾಡ್ತದೆ, ಹಾಗೇ ದೇಹವೂ. ಸಿಕ್ಕಿದ ಬಸ್ಸು ಹತ್ತಿ ಆಸ್ಪತ್ರೆಗೆ ಓಡಿದೆ. ಗಾಜಿನ ಆಚೆ ಮಗು ಆಕಳಿಸುತ್ತಿತ್ತು. ಮೂಗಿನ ನಳಿಗೆಯ ಕೆಳಗೆ ಸಣ್ಣ ಬಾಯಿ, ಅದು ಪೂರ್ತಿ ತೆರೆದು ಆಕಳಿಕೆ! ನಾನು ಅಲ್ಲಿಯೇ ಗೋಡೆ ಹಿಡಿದು ಅತ್ತೆ. ಆವಾಗ ನನಗೆ ಹೊಳೆಯಿತು, ರಾಜಾಮಣಿ ಹೇಳಿದ್ದು ಶಾಪ ಅಲ್ಲ. ಅವಳೇ ಅಂದ ಹಾಗೆ, ಅದು ನಮಗೆ ನಾವೇ ಹೇಳಿಕೊಳ್ಳುವ ಮಾತು. ಬಾಡುವುದು ಇದ್ದದ್ದೇ ಎಂದು ಗೊತ್ತಿದ್ದವರು ಅರಳಿದ್ದನ್ನು ಇನ್ನೂ ಪ್ರೀತಿಯಿಂದ ನೋಡುತ್ತಾರೋ ಏನೋ.

ನಿನ್ನೆ ಪುತ್ತೂರಿಗೆ ಹೋಗಿ ಅವಳ ಹತ್ತಿರ ತಪ್ಪಾಯಿತು ಎಂದು ಹೇಳಿ ಕರೆದುಕೊಂಡು ಬಂದೆ. ದಾರಿಯಲ್ಲಿ ಕೆರೆಯ ಹೂವಿನ ಸಂಗತಿ ಪೂರ್ತಿ ಹೇಳಿದೆ, ಜಾಲ್ಸೂರಿನಲ್ಲಿ ಬಸ್ಸು ನಿಂತಾಗ ತಡೆಯದೆ ಕೇಳಿದೆ. “ನಿಜ ಹೇಳು ರಾಜಾಮಣಿ, ಯಾರ ಕೈಯಲ್ಲಿಯಾದರೂ ಮಾಡಿಸಿದ್ದಾ?”

“ಹೆಜ್ಜೆ ಮೂಡದೆ ಕೆಸರಿನಲ್ಲಿ ನಡೆಯುವವರು ನನ್ನ ಗುರ್ತದಲ್ಲಿ ಯಾರೂ ಇಲ್ಲ ವಾಚರಣ್ಣ.” ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. “ಮಗು ಸಿಕ್ಕಿತಲ್ಲ, ಇನ್ನು ಕಳ್ಳನನ್ನು ಹುಡುಕುದು ಎಂತಕ್ಕೆ?”

ಆ ನಗು ನನಗೆ ಪೂರ್ತಿ ಹಿಡಿಸಲಿಲ್ಲ.

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಯಮುನಾ, ದಿನೇಶ, ಶಶಿಕಲಾ, ರಾಜಾಮಣಿ, ಎಲ್ಲರಿಗೂ ಬಾಳೆಲೆ. ಸೌತೆಕಾಯಿ ಸಾಂಬಾರು, ಹಲಸಿನಕಾಯಿ ಪಲ್ಯ, ಕಡಲೆಬೇಳೆ ಪಾಯಸ. ಮಗು ನಡುವೆ ತೊಟ್ಟಿಲಲ್ಲಿ. ನಾನು ಮೂರು ಸಲ ಪಾಯಸ ಹಾಕಿಸಿಕೊಂಡೆ, ಯಾರೂ ಬೇಡ ಎನ್ನಲಿಲ್ಲ. ಊಟ ಮುಗಿದು ಎಲ್ಲರೂ ಎಲೆ ಮಡಚಿದರು. ಹಳೆಯ ಅಭ್ಯಾಸ, ನಾನು ಒಬ್ಬೊಬ್ಬರ ಬೆರಳನ್ನೂ ನೋಡಿದೆ. ಎಲ್ಲರೂ ಮಡಚುವ ಹಾಗೆಯೇ ಮಡಚಿದರು, ರಾಜಾಮಣಿಯೂ. ಶಶಿಕಲಾ ಮಾತ್ರ ಎಲೆಯ ತುದಿಯನ್ನು ಒಳಕ್ಕೆ ಬಗ್ಗಿಸಿ ಬುಡಕ್ಕೆ ಸಿಕ್ಕಿಸಿದಳು.

“ಅದು ಎಲ್ಲಿ ಕಲ್ತದ್ದು?” ಎಂದೆ.

“ಯಾವುದು? ಇದಾ? ಚಿಕ್ಕಂದಿನಲ್ಲಿ ರಾಜಾಮಣಿಯಕ್ಕ ಕಲಿಸಿದ್ದು. ಎಂತಕ್ಕೆ ಅಪ್ಪ?”

ಕೆರೆಯ ಆ ಎರಡನೆಯ ಹೂ ಮಡಚಿದ ಹೊತ್ತಿಗೆ ನನ್ನ ಮಗಳು ಸುಳ್ಯದಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಳು. ಅವಳನ್ನು ಎತ್ತಿ ಮಲಗಿಸಿದವನು ನಾನೇ.

“ಎಲ್ಲರ ಎಂಜಲೆಲೆ ಎಂತ ನೋಡುದು ಮಾರಾಯ್ರೆ,” ಯಮುನಾ ಗದರಿದಳು, “ನಿಮ್ಮದು ಮಡಚಿ ಏಳಿ.”

ನಾನು ನನ್ನ ಎಲೆ ಮಡಚಿದೆ. ಏಳಲಿಲ್ಲ. ಯಾರೂ ಏಳಲಿಲ್ಲ. ಒಣಗಿದ ಎಂಜಲು ಕೈಯಲ್ಲೇ ಎಲ್ಲರೂ ತೊಟ್ಟಿಲು ನೋಡುತ್ತ ಕುಳಿತೇ ಇದ್ದೆವು.