ಮಿಲ್ಲಿನ ಬೂದಿ

ನಾವು ಸಾಗರ ಪೇಟೆಯ ಅಂಚಿನಲ್ಲಿ ಸೈಟು ಕೊಂಡಾಗ ರೈಸ್‌ಮಿಲ್ಲು ಊರ ಹೊರಗಿತ್ತು. ನಡುವೆ ಗದ್ದೆ. ಹೊಗೆ ಗದ್ದೆಯ ಮೇಲೆ ಹಾದು ಗುಡ್ಡದ ಕಡೆ ಹೋಗಿಬಿಡುತ್ತಿತ್ತು. ಆಮೇಲೆ ಗದ್ದೆ ಬಡಾವಣೆಯಾಯಿತು. ಮಿಲ್ಲಿನ ಆಚೆ ಬದಿಗೆ ಕಲ್ಯಾಣಮಂಟಪ, ಅದರ ಪಕ್ಕ ಮೂರಂತಸ್ತಿನ ಕಾಂಪ್ಲೆಕ್ಸು ಎದ್ದವು. ಮಿಲ್ಲು ಇದ್ದಲ್ಲೇ ಇತ್ತು. ಊರೇ ಹೋಗಿ ಅದನ್ನು ಸುತ್ತಿಕೊಂಡಿತು. ಹೊಗೆ ಹೊರಗೆ ಹೋಗಲಾರದೆ ಅಲ್ಲೇ ತಿರುಗತೊಡಗಿತು. ಸುಟ್ಟ ಹೊಟ್ಟಿನ ಕರಿ ಬೂದಿ ದಿನಾ ನಮ್ಮ ತಾರಸಿಗೆ ಬೀಳುತ್ತಿತ್ತು. ಬೀದಿಯವರೆಲ್ಲ ಸೇರಿ ಕೇಳಲು ಹೋದಾಗ ಮಿಲ್ಲಿನ ಯಜಮಾನರು, "ನಾನೇನು ನಿಮ್ಮನೆ ಪಕ್ಕ ಬಂದ್ನಾ? ನೀವೇ ಬಂದಿದ್ದಲ್ವಾ?" ಎಂದರು. ಅದು ಸುಳ್ಳಲ್ಲ.

ನನ್ನ ಗಂಡ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಆಗಿದ್ದರು. ದಾರಿಯಲ್ಲಿ ಹುಂಚದ ಊರು ದಾಟುವಾಗ ಉಸಿರು ಸಲೀಸು. ಸಾಗರದಲ್ಲಿ ಇಳಿದು ನಮ್ಮ ತಿರುವಿಗೆ ಬಂದರೆ ಕೆಮ್ಮು. "ಮನೆ ಬಂತು ಅಂತ ನಂಗಿಂತ ಮೊದ್ಲು ಎದೆಗೆ ಗೊತ್ತಾಗ್ತದೆ" ಎಂದು ನಗುತ್ತಿದ್ದರು. ಬೀಡಿ ಸೇದಿದವರಲ್ಲ. ಕೆಲಸ ಬಿಟ್ಟು ಇಡೀ ದಿನ ಮನೆಯಲ್ಲೇ ಇರುವಂತಾದಾಗ ಉಬ್ಬಸ ಹೆಚ್ಚಿತು. ಮಿಲ್ಲಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ಜಾಗ ಬದಲಿಸಿ ನೋಡಿ ಎಂದರು. ಹೊಸನಗರದಲ್ಲಿ ಬಾಡಿಗೆ ಮನೆ ನೋಡಿ ಬಂದೆ. ಹಬ್ಬ ಕಳೆಯಲಿ ಎಂದರು ಇವರು. ಹಬ್ಬಕ್ಕೆ ಮೊದಲೇ ತೀರಿಕೊಂಡರು.

ಉತ್ತರಕ್ರಿಯೆಗೆ ಗಂಡನ ಅಕ್ಕ ಬಂದಿದ್ದರು. ಹೋದವರು ಒಮ್ಮೆ ಮನೆಗೆ ಬಂದು ಹೋಗುತ್ತಾರೆಂದು ನಮ್ಮಲ್ಲಿ ನಂಬಿಕೆ. ಪ್ರಾಣ ಹೋದ ಜಾಗದಲ್ಲಿ ಸಂಜೆ ಬೂದಿ ಹರಡಿ ಬುಟ್ಟಿ ಕವುಚಿಟ್ಟು, ಬೆಳಿಗ್ಗೆ ಹೆಜ್ಜೆ ಗುರುತು ನೋಡುತ್ತಾರೆ. ನಮ್ಮದು ಗ್ಯಾಸಿನ ಒಲೆ, ಬೂದಿ ಎಲ್ಲಿಂದ ಬರಬೇಕು?

"ತಾರಸಿ ಮೇಲೆ ರಾಶಿ ಉಂಟಲ್ಲೇ, ಗುಡಿಸ್ಕಂಡು ಬಾ" ಎಂದರು ಅತ್ತಿಗೆ.

"ಅದು ಬೇಡ ಅತ್ತಿಗೆ."

"ಎಂತ ಮಾರಾಯ್ತಿ, ಬೂದೀಲೂ ಬೇರೆ ಬೇರೆ ಉಂಟಾ?"

"ಅವ್ರ ಎದೇಲಿ ಅದೇ ತುಂಬಿತ್ತು. ಈಗ್ಲೂ ಅದ್ರ ಮೇಲೇ ನಡೆಸ್ಬೇಕಾ?"

ಅತ್ತಿಗೆ ಎದ್ದು ಹೋಗಿ ರಾಗಿ ಹಿಟ್ಟಿನ ಡಬ್ಬಿ ತಂದರು. "ಹಿಟ್ಟಿಗೆ ಶಾಸ್ತ್ರ ಇಲ್ಲ ಅಂತ ಯಾರಾದ್ರೂ ಅಂದ್ರೆ ನಂಗೆ ಹೇಳು" ಎಂದು ತಾವೇ ಜರಡಿ ಹಿಡಿದು ಹರಡಿದರು. ನಾನು ಕಿಟಕಿಗಳನ್ನೆಲ್ಲ ಹಾಕಿದೆ.

ಬೆಳಿಗ್ಗೆ ಬುಟ್ಟಿ ಎತ್ತಿದಾಗ ಹಿಟ್ಟು ಹರಡಿದ ಹಾಗೇ ಇತ್ತು. ಅತ್ತಿಗೆ ಬಗ್ಗಿ ಬಗ್ಗಿ ನೋಡಿದರು. "ಎಂತ ಗುರ್ತೂ ಇಲ್ವಲ್ಲೇ. ಒಂದ್ಸಲ ಬಂದು ಹೋಗ್ಬಾರ್ದಿತ್ತಾ ಅವ?" ಎಂದು ಅಲ್ಲೇ ಕುಳಿತು ಅತ್ತರು.

ನನಗೆ ಅವರು ತೀರಿಕೊಂಡ ಮೇಲೆ ಮೊದಲ ಸಲ ಸ್ವಲ್ಪ ಸಮಾಧಾನವಾಯಿತು. ಈ ಗಾಳಿಗೆ ಮತ್ತೆ ಅವರು ಬರುವುದು ನನಗೆ ಬೇಡವಾಗಿತ್ತು. ಅತ್ತಿಗೆಗೆ ಅದನ್ನು ಹೇಳಲಿಲ್ಲ. ಕೈ ಹಿಡಿದು ಎಬ್ಬಿಸಿದೆ.