ಗಂಧಕ ಹಾಕದ ಅರ್ಧ ಹೊಲ

ಮಳೆ ಬಂತು ಎಂದರೆ ಗುರುಪಾದಪ್ಪನವರು ನಂಬುತ್ತಿರಲಿಲ್ಲ. ಹೇಳಿದವನ ಅಂಗಿಯ ಚುಂಗು ಹಿಂಡಿ, ನನ್ನ ಕಡೆ ತಿರುಗಿ, "ಅಂಗಿ ತೊಯ್ದಾದ. ಸದ್ಯ ಅಷ್ಟ ಬರೀರಿ" ಎನ್ನುತ್ತಿದ್ದರು. ಹಿಂಡುತ್ತಿದ್ದರೋ, ಬರಿದೆ ಮುಟ್ಟುತ್ತಿದ್ದರೋ, ಈಗ ಖಚಿತವಿಲ್ಲ. ಮಾತು ಮಾತ್ರ ಅದೇ.

ಪುಣೆಯಲ್ಲಿ ಕೃಷಿ ಓದಿದವರು. ಜೇವರ್ಗಿಯಲ್ಲಿ ಕೂತು ಜೋಳದ ಕಾಡಿಗೆ ರೋಗದ ಮೇಲೆ ಪ್ರಬಂಧ ಬರೆಯುತ್ತಿದ್ದರು. ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ ತುಂಬುವ ರೋಗ ಅದು. ಅಫಜಲಪುರದ ಕಡೆ ಅವರ ತಮ್ಮ ಶಿವಶರಣಪ್ಪ ತನ್ನ ಹೊಲದ ಅರ್ಧಕ್ಕೆ ಗಂಧಕ ಸವರಿದ ಬೀಜ, ಅರ್ಧಕ್ಕೆ ಬರಿ ಬೀಜ ಬಿತ್ತಿದ್ದ. ಎರಡರ ಫಸಲನ್ನೂ ತೂಗಿ ಹೋಲಿಸಬೇಕಿತ್ತು. ನಲವತ್ತೇಳರ ಹಿಂಗಾರಿ. ಗಲಭೆಯಿಂದ ನಾನು ಕಲಿಸುತ್ತಿದ್ದ ಶಾಲೆ ಮುಚ್ಚಿತ್ತು. ಅಕ್ಷರ ದುಂಡಗಿದೆಯೆಂದು ಇಂಗ್ಲಿಷ್ ಪ್ರತಿ ಬರೆಯಲು ನನ್ನನ್ನು ಕೂರಿಸಿಕೊಂಡಿದ್ದರು.

"ಮಾಸ್ತರ, ಕಂಡದ್ದು ಒಂದು ಹಾಳಿ, ಅಂದ್ಕೊಂಡದ್ದು ಇನ್ನೊಂದು ಹಾಳಿ. ಎರಡೂ ಕಲಸಬ್ಯಾಡ್ರಿ." ಮೊದಲನೆಯದು ಫಲಿತಾಂಶ, ಎರಡನೆಯದು ಚರ್ಚೆ. ಫಲಿತಾಂಶದಲ್ಲಿ 'ಆದ್ದರಿಂದ' ಎಂದು ಬರೆದರೆ ಹಾಳೆ ಹರಿಯುತ್ತಿದ್ದರು.

ಬಂಡಿಯಲ್ಲಿ ತೆನೆ ತಂದ ತಮ್ಮ ನಗುತ್ತಿದ್ದ. "ಗಂಧಕ ಹಚ್ಚಿದ್ರ ಚಲೋ ಬರ್ತದಂತ ನಮ್ಮ ಎತ್ತಿಗೂ ಗೊತ್ತಾಗ್ಯಾದ, ಅಣ್ಣಾ. ನೀ ಇನ್ನೂ ಏನ್ ಬರಿಯಾಕತ್ತಿ?"

"ಎತ್ತು ಬರಿಯಂಗಿಲ್ಲ ನೋಡಲೇ, ಅದಕ್ಕ."

ಆ ಬಂಡಿಯಲ್ಲಿದ್ದದ್ದು ಗಂಧಕ ಹಾಕಿದ ಅರ್ಧದ್ದು. ಉಳಿದದ್ದನ್ನು ಕೊಯ್ದು ತರುತ್ತೇನೆಂದು ಹೋದ ತಮ್ಮ ಬರಲಿಲ್ಲ. ಬಂದೂಕಿನವರು ಊರಿಗೆ ನುಗ್ಗಿದರಂತೆ, ಹೊಲ ಸುಟ್ಟರಂತೆ ಎಂದು ದಾರಿಹೋಕನೊಬ್ಬ ಬಂದು ಹೇಳಿದ.

"ನೀ ನೋಡಿದೇನಪಾ?"

"ಇಲ್ರಿ. ಘತ್ತರಗಿಯಾಗ ಮಂದಿ ಅನ್ನಾಕತ್ತಿದ್ರು."

ಗುರುಪಾದಪ್ಪನವರು ತಲೆಯಾಡಿಸಿ ತಕ್ಕಡಿಯ ಮುಂದೆ ಕೂತರು. ತೂಗಿದ್ದನ್ನೇ ಮತ್ತೆ ತೂಗಿದರು. ಅತ್ತರೇ? ನನಗೆ ಕಂಡಿಲ್ಲ.

ಗುಲ್ಬರ್ಗಾದಿಂದ ಬಂದ ಕೃಷಿ ಇಲಾಖೆಯ ಮೇಲಧಿಕಾರಿ, "ಹೋದ ಸಾಲಿನ ಅಂಕಿ ಹಾಕಿ ಖತಂ ಮಾಡ್ರಿ" ಎಂದರು. ಹಾಕಿದ್ದರೆ ಪ್ರಬಂಧ ಪೂರ್ತಿಯಾಗುತ್ತಿತ್ತು. ಆ ಹೊಲದಲ್ಲಿ ಏನೂ ನಡೆದಿಲ್ಲ ಎಂದೂ ಆಗುತ್ತಿತ್ತು. ಗುರುಪಾದಪ್ಪನವರು ಹಾಕಲಿಲ್ಲ. ಫಲಿತಾಂಶದ ಕೊನೆಗೆ ನನ್ನಿಂದ ಬರೆಸಿದ್ದು ಇಷ್ಟು: ಬರಿ ಬೀಜದ ಅರ್ಧದ ಫಸಲು ಬರಲಿಲ್ಲ, ರೈತನೂ ಬರಲಿಲ್ಲ.

"ಯಾಕಂತ ಚರ್ಚೆದಾಗ ಬರೀಬೇಕಲ್ರಿ?" ಎಂದೆ.

"ಬರೀತೇನಿ. ಹೋಗಿ ನೋಡಿ ಬರ್ತೇನಿ."

"ದಾರಿ ಚಲೋ ಇಲ್ರಿ."

"ಅದೂ ನೀವು ನೋಡಿಲ್ಲ, ಮಾಸ್ತರ."

ಮರುದಿನ ನಸುಕಿನಲ್ಲಿ ಬಂಡಿ ಕಟ್ಟಿಸಿ ಹೊರಟರು. ತಿರುವಿನಲ್ಲಿ ನನ್ನ ಕಡೆ ಕೈಯೆತ್ತಿದರು ಎಂದು ಹಲವರಿಗೆ ಹೇಳಿದ್ದೇನೆ, ಎತ್ತಿರಲಿಕ್ಕಿಲ್ಲ. ಅಣ್ಣನೂ ಮರಳಲಿಲ್ಲ, ತಮ್ಮನೂ ಮರಳಲಿಲ್ಲ. ಚರ್ಚೆಯಿಲ್ಲದ ಪ್ರಬಂಧವನ್ನು ಯಾರೂ ಅಚ್ಚು ಮಾಡಲಿಲ್ಲ.

ಆ ನಸುಕಿನಲ್ಲಿ ಸದ್ದಾಗದಿರಲೆಂದು ಎತ್ತುಗಳ ಕೊರಳ ಗೆಜ್ಜೆ ಬಿಚ್ಚಿಸಿದ್ದರು. ಬಂಡಿ ಎಷ್ಟು ದೂರ ಹೋಯಿತೆಂದು ನಾನು ನಿಂತಲ್ಲಿಂದ ತಿಳಿಯುವಂತಿರಲಿಲ್ಲ.