ಫೈನಾ ಎಣಿಸಿದ ಕಿಟಕಿಗಳು

ರಷ್ಯದ ಉತ್ತರ ತುದಿಯ ಪೆವೆಕ್ ಊರಿನವರಿಗೆ ಚಳಿಯಾಗುತ್ತಿದೆಯೋ ಸೆಕೆಯಾಗುತ್ತಿದೆಯೋ ಎಂಬುದು ಅವರಿಗಿಂತ ಮೊದಲು ಫೈನಾ ಯೆಗೊರೊವ್ನಾಳಿಗೆ ಗೊತ್ತಾಗುತ್ತಿತ್ತು. ಮೂವತ್ತೊಂದು ವರ್ಷ ಆಕೆ ಕಲ್ಲಿದ್ದಲಿನ ಬಾಯ್ಲರ್ ಮನೆಯಲ್ಲಿ ಒಲೆ ಉರಿಸಿದವಳು. ಊರಿನ ಅಷ್ಟೂ ಮನೆಗಳಿಗೆ ಬಿಸಿನೀರಿನ ಕೊಳವೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಮನೆಯವರು ಬಿಸಿ ಕಡಿಮೆ ಮಾಡಿಕೊಳ್ಳೋಣವೆಂದರೆ ಆ ಕೊಳವೆಗಳಿಗೆ ತಿರುಪೇ ಇಲ್ಲ. ಸೆಕೆ ತಡೆಯಲಾರದಾಗ ಇದ್ದ ಉಪಾಯ ಒಂದೇ, ದೊಡ್ಡ ಕಿಟಕಿಯ ಮೂಲೆಯಲ್ಲಿರುವ ಮರಿಕಿಟಕಿಯನ್ನು ತೆರೆಯುವುದು. ಫೈನಾ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ತಲೆಯೆತ್ತಿ ತೆರೆದ ಮರಿಕಿಟಕಿಗಳನ್ನು ಎಣಿಸುವಳು. ನಲವತ್ತು ದಾಟಿದರೆ ಒಂದು ಬಂಡಿ ಕಲ್ಲಿದ್ದಲು ಕಡಿಮೆ, ಹತ್ತಕ್ಕಿಳಿದರೆ ಒಂದು ಬಂಡಿ ಹೆಚ್ಚು. ಮೇಲೆ ನೋಡುತ್ತ ನಡೆದು ಎರಡು ಸಲ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಆಗಲೂ ಎಣಿಕೆ ಮಾತ್ರ ತಪ್ಪಲಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಆಮೇಲೆ ಬಂದರಿಗೆ ಆ ಹಡಗು ಬಂತು. ತಾನಾಗಿ ಬರಲಿಲ್ಲ, ಎಳೆದು ತಂದು ಕಟ್ಟಿಹಾಕಿದರು. ಅದರ ಹೊಟ್ಟೆಯೊಳಗೆ ಎರಡು ಪುಟ್ಟ ಅಣು ಒಲೆಗಳು. ಅಣುಸ್ಥಾವರವೆಂದರೆ ಊರಗಲದ ಜಾಗ, ಗುಡ್ಡದೆತ್ತರದ ಗೋಪುರ ಎಂದು ಟಿವಿಯಲ್ಲಿ ನೋಡಿದ್ದ ಜನ, ಇಷ್ಟೇನಾ ಎಂದು ಮೂಗು ಮುರಿದು ಅದಕ್ಕೆ ಕೆಟಲ್ ಎಂದು ಹೆಸರಿಟ್ಟರು. ಕೆಟಲ್ ಒಂದೊಂದೇ ಬೀದಿಗೆ ಬಿಸಿನೀರು ಕೊಡುತ್ತ ಬಂತು, ಕಳೆದ ಸೆಪ್ಟೆಂಬರಿನಲ್ಲಿ ಬಾಯ್ಲರ್ ಮನೆಗೆ ಬೀಗ ಬಿತ್ತು. ಯಾಕುತಿಯಾದಿಂದ, ಇನ್ನೆಲ್ಲೆಲ್ಲಿಂದಲೋ ನಿಯೋಗಗಳು ಹೊಸ ಸೊಸೆಯನ್ನು ನೋಡಲು ಬಂದಂತೆ ಬಂದವು. ನಮ್ಮೂರಿಗೂ ಇಂಥದೊಂದು ಬೇಕು ಎಂದು ಫೋಟೋ ತೆಗೆಸಿಕೊಂಡು ಹೋದವು. ಇಷ್ಟು ವರ್ಷ ಈ ಊರನ್ನು ಬೆಚ್ಚಗಿಟ್ಟವರು ಯಾರು ಎಂದು ಅವರಲ್ಲೊಬ್ಬನೂ ಕೇಳಲಿಲ್ಲ. ಫೈನಾಳಿಗೆ ಹೊಟ್ಟೆ ಉರಿಯಿತು.

ಶಾಖ ವಿಭಾಗದ ಮುಖ್ಯಸ್ಥ ಲಾಪ್ಶಿನ್ ಅವಳನ್ನು ಕರೆದು ಕೂರಿಸಿದ.

"ನೋಡಿ ಫೈನಾ ಯೆಗೊರೊವ್ನಾ, ಪಿಂಚಣಿ ವಯಸ್ಸು ಯಾವತ್ತೋ ದಾಟಿದೆ. ಏಪ್ರಿಲ್ ಒಂದರ ತನಕ ದಡದ ಕಂಟ್ರೋಲ್ ಕೋಣೇಲಿರಿ. ಬೀದಿ ಸುತ್ತಿ ಬನ್ನಿ. ಮೀಟರಿಗೆ ಕಾಣದ್ದು ನಿಮಗೆ ಕಂಡ್ರೆ ಅಲ್ಲಿನ ಹುದ್ದೆ ನಿಮ್ಮದೇ. ಇಲ್ಲಾಂದ್ರೆ ಕೇಕು, ಹೂವು."

ಪೆವೆಕ್‌ನಲ್ಲಿ ಕೆಲಸ ಮುಗಿದವರು ಉಳಿಯುವ ವಾಡಿಕೆಯಿಲ್ಲ. ಕೇಕು ತಿಂದು ಮುಗಿಯುವುದರೊಳಗೆ, ಯಾವಾಗ ಹೊರಡುತ್ತೀರಿ ಎಂದು ಕೇಳುತ್ತಾರೆ. ಫೈನಾ ಹೋಗಬೇಕಾದದ್ದು ದೂರದ ತಂಬೋವ್‌ಗೆ, ಅಕ್ಕ ಗ್ಲಾಫಿರಾಳ ಮನೆಗೆ. ಅಕ್ಕತಂಗಿಯರದು ಎಣ್ಣೆ ಸೀಗೆಕಾಯಿ ಸಂಬಂಧ. ವಾರಕ್ಕೊಂದು ಫೋನೇ ಇಬ್ಬರ ರಕ್ತದೊತ್ತಡಕ್ಕೂ ಸಾಕಾಗಿತ್ತು. ಆ ಮನೆಯ ಸೋಫಾದ ಮೇಲೆ ಮಲಗಿ ಸಾಯುವುದಕ್ಕಿಂತ ಕೆಟಲ್‌ನೊಡನೆ ಹಣಾಹಣಿಗೆ ಇಳಿಯುವುದೇ ಮೇಲೆಂದು ಫೈನಾ ನಿರ್ಧರಿಸಿದಳು.

ಆದರೆ ಆ ಚಳಿಗಾಲವಿಡೀ ದಕ್ಷಿಣದ ಹುಚ್ಚುಗಾಳಿ ಬೀಸಿತು. ಒಂದು ಮರಿಕಿಟಕಿಯೂ ತೆರೆಯಲಿಲ್ಲ. ಎಣಿಸಲು ಏನೂ ಇಲ್ಲದೆ ಫೈನಾ ಕಂಟ್ರೋಲ್ ಕೋಣೆಯಲ್ಲಿ ಕೂತು ಕಾಲುಚೀಲ ಹೆಣೆದಳು. ಮಾರ್ಚ್ ಎರಡನೆಯ ವಾರ ಗಾಳಿ ನಿಂತು ಬಿಸಿಲು ಬಂತು. ಅಂದು ಬೆಳಗ್ಗೆ ಅವಳು ಏದುಸಿರು ಬಿಡುತ್ತ ಓಡಿ ಬಂದಳು.

"ರೊದಿಯೋನ್, ಊರು ಬೇಯ್ತಾ ಇದೆ."

ಪಾಳಿಯ ಇಂಜಿನಿಯರ್ ರೊದಿಯೋನ್ ಮುರ್ಮನ್ಸ್ಕ್‌ನವನು. ಮೀಟರನ್ನೂ ಹಿರಿಯರನ್ನೂ ಸಮನಾಗಿ ಗೌರವಿಸುವ ಸಾಧು ಪ್ರಾಣಿ.

"ಮೀಟರ್ ಸರಿಯಾಗೇ ತೋರಿಸ್ತಿದೆಯಲ್ಲ, ಫೈನಾ ಯೆಗೊರೊವ್ನಾ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಪ್ಪಾ? ನೂರಾ ಹನ್ನೆರಡು ಮರಿಕಿಟಕಿ ಬಾಯಿ ಬಿಟ್ಕೊಂಡಿವೆ. ನನ್ನ ಕಾಲದಲ್ಲಿ ಅರವತ್ತು ಕಂಡಿದ್ರೆ ನನ್ನನ್ನ ಮನೆಗೆ ಕಳಿಸ್ತಿದ್ರು."

ರೊದಿಯೋನ್ ಹೊರಗೆ ಬಂದು ದುರ್ಬೀನು ಹಿಡಿದು ನೋಡಿದ. ತೆರೆದಿದ್ದವು. ನೀರಿನ ಬಿಸಿಯನ್ನು ಐದು ಡಿಗ್ರಿ ಇಳಿಸಿದ. ಫೈನಾ ಅಂದು ತಾನಾಗಿಯೇ ತಂಬೋವ್‌ಗೆ ಫೋನ್ ಮಾಡಿ, "ನಿನ್ನ ಸೋಫಾಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋ," ಎಂದಳು. ಮರುದಿನ ಮರಿಕಿಟಕಿಗಳು ನೂರಾ ನಲವತ್ತು. ಕೆಟಲ್ ಮೊಂಡು ಹಿಡಿದಿದೆ ಎಂದು ಮತ್ತೆ ಐದು ಡಿಗ್ರಿ ಇಳಿಸಿದಳು, ಅಂದರೆ ಇಳಿಸುವಂತೆ ರೊದಿಯೋನ್‌ನ ತಲೆ ತಿಂದಳು. ಮೂರನೆಯ ದಿನ ಶಿಶುವಿಹಾರದ ಮಕ್ಕಳು ಉಣ್ಣೆಯ ಬೂಟು ಹಾಕಿಕೊಂಡೇ ಮಲಗಿದರು. ಫೋನು ಒಂದೇ ಸಮ ಬಡಿದುಕೊಂಡಿತು. ರೊದಿಯೋನ್ ಬಿಸಿಯನ್ನು ಮೊದಲಿನಂತೆ ಏರಿಸಿ, ಲಾಪ್ಶಿನ್‌ಗೆ ಕೊಡಲು ವರದಿ ಬರೆಯಲು ಕೂತ. ಲೆಕ್ಕ ತಪ್ಪಿದವನು ತಾನೇ ಎಂದು ಬರೆಯುತ್ತಿದ್ದ.

ಫೈನಾಳಿಗೆ ತಲೆಬುಡ ತಿಳಿಯಲಿಲ್ಲ. ಚಳಿಯೆಂದು ಬಯ್ಯುವ ಜನ ಮರಿಕಿಟಕಿ ತೆರೆಯುವುದೇಕೆ? ಬಾಯ್ಲರ್ ಮನೆಯ ಎದುರಿನ ಕಟ್ಟಡದ ನಾಲ್ಕನೆಯ ಮಹಡಿ ಹತ್ತಿದಳು. ಅಲ್ಲಿ ಹಿಮಸಾರಂಗದ ತೊಗಲಿನ ಬೂಟು ಹೊಲಿಯುವ ಚುಕ್ಚಿ ಬುಡಕಟ್ಟಿನ ಹೆಂಗಸು ಓಮ್ರಿನಾ, ಅವಳ ಹಳೆಯ ಗೆಳತಿ, ಎರಡೆರಡು ಶಾಲು ಹೊದ್ದು ಕೂತಿದ್ದಳು. ಮರಿಕಿಟಕಿ ತೆರೆದಿತ್ತು.

"ಚಳಿ ಅಂತೀಯ, ಅದನ್ನ ತೆಗೆದಿಟ್ಟಿದ್ದೀಯ. ತಲೆ ನೆಟ್ಟಗಿದೆಯೇನೇ?"

"ಗಾಳಿಗೆ ಕಣೇ. ಬೆಳಗ್ಗೆ ಹೊತ್ತು ಸ್ವಲ್ಪ. ಈಗ ಎಲ್ಲರೂ ತೆಗೀತಾರೆ."

"ಮುಂಚೆ ತೆಗೀತಿರಲಿಲ್ಲ?"

ಓಮ್ರಿನಾ ಚಹಾ ಬಗ್ಗಿಸುತ್ತ ಹೇಳಿದಳು. "ಮುಂಚೆ ತೆಗೆದ್ರೆ ನಿನ್ನ ಮಸಿ ಒಳಗೆ ಬರ್ತಿತ್ತಲ್ಲ. ಪರದೆ, ದಿಂಬು, ಬ್ರೆಡ್ಡು, ಎಲ್ಲಾ ಕಪ್ಪು. ಬೆಂದು ಹೋಗ್ತಿದ್ರೂ ಮುಚ್ಕೊಂಡೇ ಇರ್ತಿದ್ವಿ. ತೀರಾ ಉಸಿರು ಕಟ್ಟಿದಾಗ ಮಾತ್ರ ತೆಗೀತಿದ್ವಿ."

"ಒಂದಿನಾನೂ ನನಗೆ ಹೇಳಲಿಲ್ಲ ನೀನು."

"ಬೆಚ್ಚಗಿಟ್ಟವಳಿಗೆ ಮಸಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಸಕ್ಕರೆ ಹಾಕ್ಕೋ."

ಫೈನಾಳಿಗೆ ಸಕ್ಕರೆಯೂ ಕಹಿಯಾಯಿತು. ಮರಿಕಿಟಕಿ ಮುಚ್ಚಿದ್ದರೆ ಊರು ಸುಖವಾಗಿದೆ ಎಂದು ಮೂವತ್ತೊಂದು ವರ್ಷ ನಂಬಿದ್ದಳು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆಂದುಕೊಂಡ ಮುದುಕಿಗೂ ತನಗೂ ಏನು ವ್ಯತ್ಯಾಸ? ಮೆಟ್ಟಿಲಿಳಿಯುವಾಗ ಇನ್ನೊಂದು ಯೋಚನೆಯೂ ಬಂತು, ಬರಲಿಲ್ಲವೆಂದರೆ ಸುಳ್ಳು. ಈ ವಿಷಯ ಲಾಪ್ಶಿನ್‌ಗೆ ಗೊತ್ತಿಲ್ಲ. ತಪ್ಪನ್ನು ರೊದಿಯೋನ್ ಹೊತ್ತುಕೊಂಡಿದ್ದಾನೆ. ಬಾಯಿ ಮುಚ್ಚಿಕೊಂಡಿದ್ದರೆ ಹುದ್ದೆ ಉಳಿದೀತು. ಎರಡನೆಯ ಮಹಡಿಯಲ್ಲಿ ಕೈಗಂಬಿ ಹಿಡಿದು ಅವಳು ಒಂದಷ್ಟು ಹೊತ್ತು ನಿಂತಳು. ತನ್ನ ಮಸಿಯನ್ನು ಊರೆಲ್ಲ ಒರೆಸಿದ್ದು ಸಾಲದೆ ಈ ಮುರ್ಮನ್ಸ್ಕ್‌ನವನೂ ಒರೆಸಬೇಕೇ ಎನಿಸಿತು. ದಡದತ್ತ ನಡೆದಳು.

ಲಾಪ್ಶಿನ್ ಆಗಲೇ ಬಂದು ವರದಿ ಓದುತ್ತಿದ್ದ.

"ಅದನ್ನ ಹರಿದು ಹಾಕಿ," ಎಂದಳು ಫೈನಾ. "ಲೆಕ್ಕ ಅವನದಲ್ಲ, ನಂದು. ಜನ ಗಾಳಿಗೆ ಅಂತ ತೆಗೆದಿದ್ರು, ನಾನು ಸೆಕೆ ಅಂದ್ಕೊಂಡೆ. ಇವನು ಬೇಡ ಬೇಡ ಅಂದ್ರೂ ಬಿಡಲಿಲ್ಲ. ನಿಮ್ಮ ಮೀಟರ್ ಹೇಳಿದ್ದೇ ಸರಿ."

ಲಾಪ್ಶಿನ್ ಕನ್ನಡಕ ತೆಗೆದ. "ಹಾಗಾದ್ರೆ ಆ ಹುದ್ದೆ..."

"ಗೊತ್ತು. ಕೇಕಿನ ಮೇಲೆ ಕ್ರೀಮು ಜಾಸ್ತಿ ಇರಲಿ."

ಏಪ್ರಿಲ್ ಒಂದರಂದು ಕೇಕು ಬಂತು, ಹೂವೂ ಬಂತು. ಯಾವಾಗ ಹೊರಡುತ್ತೀರಿ ಎಂದು ಆರು ಜನ ಕೇಳಿದರು. ಏಳನೆಯವಳು ಗ್ಲಾಫಿರಾ, ಮರುದಿನ ಬೆಳಗ್ಗೆ ಫೋನಿನಲ್ಲಿ.

"ಯಾವ ವಿಮಾನ ಹೇಳು. ಸೋಫಾ ಖಾಲಿ ಮಾಡ್ಬೇಕು."

ಫೈನಾ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿದ್ದ ಅಡುಗೆ ಚಾಕುವಿನಿಂದ ತನ್ನ ಮನೆಯ ಮರಿಕಿಟಕಿಗೆ ಸಂದಿ ಮುಚ್ಚಲೆಂದು ಯಾವ ಕಾಲದಲ್ಲೋ ಅಂಟಿಸಿದ್ದ ಕಾಗದದ ಪಟ್ಟಿ ಕೆರೆಯುತ್ತಿದ್ದಳು. ಕೊನೆಗೂ ಅದು ಕಿರುಗುಟ್ಟುತ್ತ ತೆರೆದುಕೊಂಡಿತು.

"ನಾನು ಬರಲ್ಲ ಅಕ್ಕಾ."

"ಕೆಲಸ ಇಲ್ಲ, ಕಾರ್ಯ ಇಲ್ಲ. ಅಲ್ಲಿದ್ದು ಏನು ಮಾಡ್ತೀಯ?"

"ಮೂವತ್ತೊಂದು ವರ್ಷ ಇಲ್ಲಿನ ಗಾಳೀನ ನಾನೇ ಕೆಡಿಸಿದ್ದು. ಈಗ ಚೆನ್ನಾಗಾಗಿದೆ. ನಾನೂ ಒಂದಷ್ಟು ದಿನ ಕುಡೀತೀನಿ."